ಬೊಳ್ಳದ ವರ್ಷ ಮಣ್ಣಾದ ಅಜ್ಜನನ್ನು ಹುಡುಕುತ್ತಾ

ಈ ಸಲದ ಸಣ್ಣ ಪೆರ್ನಾಲ್‌ನ ಮಧ್ಯಾಹ್ನ. ಪತ್ತಿರ್, ಕೋಳಿ ಸಾರು ಮುಂದಿಟ್ಟುಕೊಂಡು ನಾವು ಗಂಡಸರು ಐದು ಮಂದಿ ಊಟಕ್ಕೆ ಕೂತಿದ್ದೆವು. ಉಮ್ಮನ ತವರಿನಿಂದ ಬಂದಿದ್ದ ಮಾಮ ಮಾತಿನ ನಡುವೆ ಒಂದು ಸುದ್ದಿ ಹೇಳಿದರು. ಅವರ ಊರಿನ ಪಳ್ಳಿಯ ಖಬರಸ್ಥಾನದಲ್ಲಿ ಜಾಗ ಸಾಲುತ್ತಿಲ್ಲ. ಮಳೆಗಾಲಕ್ಕೆ ಮೊದಲು ಹಳೆಯ ಭಾಗವನ್ನು ಸಮತಟ್ಟು ಮಾಡಿ ಅಲ್ಲಿ ಹೊಸ ಖಬರ್ ತೋಡುವುದೆಂದು ಜಮಾಅತಿನವರು ತೀರ್ಮಾನಿಸಿದ್ದಾರೆ.

ಬಡಿಸುತ್ತಿದ್ದ ಉಮ್ಮನ ಕೈ ನಿಂತಿತು. "ಅಲ್ಲಿ ನನ್ನ ಅಜ್ಜ ಇದ್ದಾರಲ್ಲ, ಅಜ್ಜಿ ಇದ್ದಾರಲ್ಲ. ಯಾವ ಕಡೆ ಅಂತ ನಿಮಗೆ ಯಾರಿಗಾದ್ರೂ ಗೊತ್ತುಂಟಾ?"

ಐವರೂ ಮುಖ ಮುಖ ನೋಡಿಕೊಂಡೆವು. ವರ್ಷಕ್ಕೆರಡು ಪೆರ್ನಾಲಿಗೆ, ಎಷ್ಟೋ ಜುಮಾಗಳಿಗೆ, ಲೆಕ್ಕವಿಲ್ಲದಷ್ಟು ಮಯ್ಯತ್‌ಗಳಿಗೆ ಖಬರಸ್ಥಾನದ ಒಳಗೆ ಹೋಗಿ ಬಂದವರು ನಾವು. ಒಬ್ಬನಿಗೂ ಗೊತ್ತಿರಲಿಲ್ಲ. ಅದನ್ನು ಕೇಳಿದವರು ಎಂಬತ್ತು ದಾಟಿದರೂ ಆ ಪಾಗಾರದ ಒಳಗೆ ಒಂದು ದಿನವೂ ಕಾಲಿಡದ ಉಮ್ಮ.

"ಒಂದು ದಿನ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗು ಮೋನೆ. ನಾನು ಒಳಗೆ ಬರುದಿಲ್ಲ. ಹೊರಗಿಂದ ತೋರಿಸ್ತೇನೆ" ಅಂದರು. ಹೊರಗಿನಿಂದ ಏನು ತೋರಿಸುತ್ತಾರೆ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಹೆಸರಿಲ್ಲದ ಕಲ್ಲುಗಳ ನಡುವೆ

ಮುಂದಿನ ಭಾನುವಾರ ಹೊರಟೆವು. ಉಮ್ಮ, ಮಾಮ, ನಾನು, ಜುಬೈಲಿನಿಂದ ರಜೆಯಲ್ಲಿ ಬಂದಿದ್ದ ನನ್ನ ತಂಗಿಯ ಮಗ, ಎಂಟನೇ ಕ್ಲಾಸಿನಲ್ಲಿರುವ ನನ್ನ ಮಗಳು. ಬಂಟ್ವಾಳ ಸೀಮೆಯಲ್ಲಿ ನೇತ್ರಾವತಿಯ ದಂಡೆಯಲ್ಲಿರುವ ಸಣ್ಣ ಊರು ಅದು. ಪಳ್ಳಿ ಈಗ ಕಾಂಕ್ರೀಟಿನದ್ದು. ಅದರ ಹಿಂದಿನ ಕೆರೆ ಮಾತ್ರ ಹಳೆಯದು.

ಖಬರಸ್ಥಾನಕ್ಕೆ ಹೋಗುವುದೆಂದರೆ ನಮಗೆ ಒಂದು ದಾರಿ ಅಷ್ಟೇ. ಗೇಟಿನಿಂದ ಉಪ್ಪನ ಖಬರಿನವರೆಗೆ, ಅಲ್ಲಿಂದ ವಾಪಸ್. ಎಡಬಲದಲ್ಲಿ ಯಾರಿದ್ದಾರೆ ಎಂದು ನಿಂತು ನೋಡುವುದಿಲ್ಲ. ಆ ದಿನ ನಿಂತು ನೋಡಿದೆವು. ಹೆಚ್ಚಿನವು ಮುರಕಲ್ಲಿನ ಮೀಸಾನ್ ಕಲ್ಲುಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಮುರಕಲ್ಲಿನ ಮೇಲೆ ಅಕ್ಷರ ಎಷ್ಟು ವರ್ಷ ನಿಂತೀತು? ಪಾಚಿ ಕೆರೆದರೆ ಕಲ್ಲೇ ಪುಡಿಯಾಗಿ ಕೈಗೆ ಬರುತ್ತದೆ. ಕೆಲವು ಕಡೆ ಕಲ್ಲೂ ಇಲ್ಲ, ಬೋಳು ದಿಬ್ಬದ ಮೇಲೆ ಯಾರೋ ನೆಟ್ಟ ಮೈಲಾಂಜಿ ಗಿಡ ಮರದ ಹಾಗೆ ಬೆಳೆದಿದೆ. ಕರಿಕಲ್ಲಿನಲ್ಲಿ ಕೆತ್ತಿಸುವ ತ್ರಾಣ ಇದ್ದವರು ಆ ಕಾಲದಲ್ಲಿ ಕಡಿಮೆ.

ಖಬರಿನ ಮೇಲೆ ದೊಡ್ಡ ಕಟ್ಟೋಣ ಬೇಡ ಎನ್ನುವುದು ದೀನಿನ ಮಾತು. ಆದರೆ ಗುರುತೇ ಬೇಡ ಎಂದಿಲ್ಲ. ಉಸ್ಮಾನ್ ಬಿನ್ ಮಝ್ಊನ್ ಅವರನ್ನು ಮಣ್ಣು ಮಾಡಿದ ಮೇಲೆ ಪ್ರವಾದಿಯವರು ತಾವೇ ಒಂದು ಕಲ್ಲನ್ನು ಎತ್ತಿ ತಂದು ತಲೆಯ ಬದಿಯಲ್ಲಿಟ್ಟರು, ಈ ಸಹೋದರನ ಖಬರ್ ತಿಳಿಯಲಿ, ಮನೆಯವರನ್ನು ಇವರ ಹತ್ತಿರವೇ ಮಣ್ಣು ಮಾಡುವಂತಾಗಲಿ ಎಂದು ಹೇಳಿದರು ಎಂಬ ಹದೀಸನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ನಮ್ಮ ಮೀಸಾನ್ ಕಲ್ಲಿನ ಉದ್ದೇಶವೂ ಇಷ್ಟೇ. ಇದು ಆಡಂಬರದ ಕಲ್ಲಲ್ಲ, ಮನೆಯವರಿಗೊಂದು ಗುರುತು.

ಹಾಗಂತ ಜಮಾಅತಿನವರ ತೀರ್ಮಾನವೂ ತಪ್ಪಲ್ಲ. ದೇಹ ಪೂರ್ತಿ ಮಣ್ಣಾಗಿ ಹೋದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡಲು ಶಾಫಿ ಮದ್‌ಹಬಿನಲ್ಲಿ ಅನುಮತಿ ಉಂಟು. ನೂರಾರು ವರ್ಷಗಳಿಂದ ನಮ್ಮ ಪಳ್ಳಿಗಳ ಖಬರಸ್ಥಾನಗಳು ನಡೆದುಕೊಂಡು ಬಂದದ್ದೇ ಹೀಗೆ. ಇಲ್ಲದಿದ್ದರೆ ಒಂದು ಎಕರೆ ಜಾಗ ಎಷ್ಟು ತಲೆಮಾರಿಗೆ ಸಾಕಾಗುತ್ತಿತ್ತು?

ನಮಗೆ ಬೇಸರವಾದದ್ದು ಬೇರೆ ಒಂದು ಕಾರಣಕ್ಕೆ. ಕೆಲವು ವರ್ಷಗಳ ಹಿಂದೆ ಪೊದೆ ಕಡಿಸುವಾಗ ಜೆಸಿಬಿ ತಂದಿದ್ದರಂತೆ. ಅಡ್ಡ ಬಂದ ಮೀಸಾನ್ ಕಲ್ಲುಗಳನ್ನೆಲ್ಲ ಕಿತ್ತು ಪಾಗಾರದ ಮೂಲೆಯಲ್ಲಿ ರಾಶಿ ಹಾಕಿದ್ದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಕಲ್ಲುಗಳನ್ನು ಎಸೆಯದೆ ಗೌರವದಿಂದ ಒಂದು ಕಡೆ ಇಟ್ಟಿದ್ದೇವೆ ಎಂದೇ ಅವರ ಲೆಕ್ಕ. ಆದರೆ ಯಾವ ಕಲ್ಲು ಯಾವ ಖಬರಿನದ್ದು ಎಂದು ಯಾರೂ ಬರೆದಿಡಲಿಲ್ಲ.

ನಮ್ಮ ಅಜ್ಜನ ಕಲ್ಲು ಸಿಕ್ಕಿದ್ದು ಆ ರಾಶಿಯಲ್ಲೇ.

ಒಂದು ಕೊಂಡಿ, ಎರಡು ಕೊಂಡಿ

ಅದು ಅಜ್ಜನದ್ದೇ ಎಂದು ಮೊದಲು ಗೊತ್ತಾಗಲಿಲ್ಲ. ಮೊಣಕೈ ಉದ್ದದ ಕರಿಕಲ್ಲು. ಹೆಸರಿನ ಮೊದಲರ್ಧ ಜಜ್ಜಿ ಹೋಗಿತ್ತು. 'ಬಿನ್' ಎಂಬುದೂ ಅದರ ನಂತರದ ತಂದೆಯ ಹೆಸರೂ ಸ್ಪಷ್ಟವಿತ್ತು. ಮಾಮ ಅದನ್ನು ಓದಿ, "ನಮ್ಮ ಅಜ್ಜನ ಉಪ್ಪನ ಹೆಸರು ಇದೇ. ಆದರೆ ಊರಲ್ಲಿ ಈ ಹೆಸರಿನವರು ಹತ್ತು ಮಂದಿ ಇದ್ದಿರಬಹುದು" ಅಂದರು.

ಕೆಳಗೆ ಇಸವಿ ಇತ್ತು. ನಾನು ಮದ್ರಸದಲ್ಲಿ ಕಲಿತದ್ದು ಮರೆತು ಎಷ್ಟೋ ಕಾಲವಾಯಿತು. ತಂಗಿಯ ಮಗ ಸೌದಿಯಲ್ಲಿ ಗಾಡಿಗಳ ನಂಬರ್ ಪ್ಲೇಟಿನಲ್ಲಿ ದಿನಾ ಈ ಅಂಕೆಗಳನ್ನೇ ನೋಡುವವನು. ಅವನೇ ಓದಿದ. ಅರಬಿ ಅಂಕೆ ಓದುವಾಗ ನಮ್ಮವರು ಎಡವುವುದು ನಾಲ್ಕೈದು ಕಡೆ. ಸೊನ್ನೆಯಂತೆ ಕಾಣುವುದು 5. ನಿಜವಾದ ಸೊನ್ನೆ ಬರೀ ಒಂದು ಚುಕ್ಕೆ, ಕಲ್ಲಿನ ಮೇಲೆ ಅದು ತೂತೋ ಅಂಕೆಯೋ ತಿಳಿಯುವುದಿಲ್ಲ. ಇಂಗ್ಲಿಷಿನ 7ರ ಹಾಗೆ ಇರುವುದು 6. ಬಾಯಿ ಮೇಲೆ ಮಾಡಿದ ಲಾಳಿಕೆಯಂತಿದ್ದರೆ 7, ಅದನ್ನೇ ಕವುಚಿ ಹಾಕಿದರೆ 8. ಇಂಗ್ಲಿಷಿನ 3ನ್ನು ತಿರುಗಿಸಿ ಬರೆದಂತಿದ್ದರೆ 4. ಇನ್ನು 2ಕ್ಕೆ ತಲೆಯ ಮೇಲೆ ಒಂದು ಕೊಂಡಿ, 3ಕ್ಕೆ ಎರಡು.

ಈ ಕಲ್ಲಿನಲ್ಲಿ 1, 3, 4 ಸರಿಯಾಗಿತ್ತು. ಕೊನೆಯ ಅಂಕೆಯ ತಲೆ ಸವೆದಿತ್ತು. ಕೊಂಡಿ ಒಂದಾ, ಎರಡಾ? ಹಿಜರಿ 1342ಆ, 1343ಆ?

ಹಿಜರಿ ವರ್ಷವನ್ನು ಇಸವಿಗೆ ತರುವ ಸುಲಭದ ಲೆಕ್ಕವನ್ನು ಓದುಗರೂ ಬರೆದಿಟ್ಟುಕೊಳ್ಳಬಹುದು. ಚಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಬರೀ 622 ಕೂಡಿಸಿದರೆ ಆಗುವುದಿಲ್ಲ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ, ಅದಕ್ಕೆ 622 ಕೂಡಿಸಬೇಕು. 1342ನ್ನು ಗುಣಿಸಿದರೆ 1301.7, ಕೂಡಿಸಿದರೆ 1923.7. ಅಂದರೆ 1923ರ ಉತ್ತರಾರ್ಧದಿಂದ ಶುರುವಾಗುವ ವರ್ಷ. 1343 ಆದರೆ 1924ಕ್ಕೆ ಹೋಗುತ್ತದೆ.

ಮಗಳು ಗೇಟಿನ ಹೊರಗೆ ಕಾರಿನಲ್ಲಿ ಕೂತಿದ್ದ ಉಮ್ಮನ ಹತ್ತಿರ ಓಡಿದಳು. "ಅಜ್ಜಿ, ನಿಮ್ಮ ಅಜ್ಜ ತೀರಿಹೋದದ್ದು ಯಾವ ವರ್ಷ?"

"ಇಸವಿ ಗಿಸವಿ ನನಗೆ ಗೊತ್ತಿಲ್ಲ. ಬೊಳ್ಳ ಬಂದ ವರ್ಷ. ನೀರು ಇಳಿದು ಅಂಗಳದ ಕೆಸರು ಒಣಗುವ ಮೊದಲೇ ಜ್ವರ ಹಿಡಿದು ಹೋದ್ರಂತೆ. ಆಗ ನನ್ನ ಉಪ್ಪ ಹನ್ನೊಂದು ವರ್ಷದ ಹುಡುಗ."

ನೇತ್ರಾವತಿಯ ಬದಿಯವರಿಗೆ ಬೊಳ್ಳ ಎಂದರೆ ಎರಡೇ. ನಮ್ಮ ಪ್ರಾಯದವರು ಕಂಡ 1974ರದ್ದು, ಅದಕ್ಕಿಂತ ಮೊದಲು ಹಿರಿಯರು ಹೇಳುತ್ತಿದ್ದ 1923ರದ್ದು. ಪಾಣೆಮಂಗಳೂರು, ಬಂಟ್ವಾಳದ ಪೇಟೆಗಳನ್ನೇ ಮುಳುಗಿಸಿದ ಆ ದೊಡ್ಡ ನೆರೆ ಬಂದದ್ದು 1923ರ ಆಗಸ್ಟಿನಲ್ಲಿ. ಹಿಜರಿ 1342 ಶುರುವಾದದ್ದೂ ಅದೇ ಆಗಸ್ಟಿನ ಮಧ್ಯದಲ್ಲಿ.

ಕೊಂಡಿ ಒಂದೇ. ಕಲ್ಲು ಅರ್ಧ ಹೇಳಿತು, ಉಳಿದರ್ಧವನ್ನು ಶಾಲೆಗೆ ಹೋಗದ ಉಮ್ಮ ಹೇಳಿದರು.

ಬಾವಿಕಟ್ಟೆಯಿಂದ ಎಳೆದ ಗೆರೆ

ಕಲ್ಲು ಸಿಕ್ಕಿತು. ಆದರೆ ಅಜ್ಜ ಎಲ್ಲಿ? ಕಲ್ಲನ್ನು ಎಲ್ಲಿಂದ ಕಿತ್ತದ್ದೆಂದು ಯಾರಿಗೂ ನೆನಪಿಲ್ಲ. ಆ ಊರಿನಲ್ಲಿ ವರ್ಷಾನುಗಟ್ಟಲೆ ಖಬರ್ ತೋಡಿದ ಕಾಕ ಒಬ್ಬರಿದ್ದಾರೆ. ಮಾಮ ಅವರನ್ನು ಮನೆಯಿಂದ ಕರೆದುಕೊಂಡು ಬಂದರು. "ಆ ಕಡೆ ಎಲ್ಲ ನನ್ನ ಕಾಲಕ್ಕಿಂತ ಮೊದಲಿನ ಖಬರ್‌ಗಳು. ನಾನು ಅಲ್ಲಿ ಗುದ್ದಲಿ ಹಾಕಿದವನೇ ಅಲ್ಲ" ಅಂದರು ಅವರು.

ಆಗ ಉಮ್ಮ ಕಾರಿನಿಂದ ಇಳಿದರು. ಮೊಮ್ಮಗಳ ಕೈ ಹಿಡಿದು ಪಾಗಾರದ ಹೊರಬದಿಯಲ್ಲೇ ನಡೆದು ಹಿಂದಕ್ಕೆ ಹೋದರು. ಅಲ್ಲಿ ಅವರ ತವರುಮನೆ ಇತ್ತು. ಈಗ ಮನೆ ಇಲ್ಲ, ಜಾಗ ಬೇರೆಯವರದು. ಬಾವಿ ಮಾತ್ರ ಉಳಿದಿದೆ. ಉಮ್ಮ ಬಾವಿಕಟ್ಟೆಯ ಪಕ್ಕ ನಿಂತರು.

ಉಮ್ಮನ ಅಜ್ಜಿ ತೀರಿಹೋದಾಗ ಉಮ್ಮನಿಗೆ ಹತ್ತು ವರ್ಷ. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಮಯ್ಯತ್ ಎತ್ತಿದಾಗ ಗಂಡಸರೆಲ್ಲ ಹಿಂದೆ ಹೋದರು. ಹೆಂಗಸರು, ಮಕ್ಕಳು ಮನೆಯಲ್ಲಿ ಉಳಿದರು. ಈ ಹುಡುಗಿ ಬಾವಿಕಟ್ಟೆ ಹತ್ತಿ ನಿಂತು, ಆಗ ಸೊಂಟದೆತ್ತರಕ್ಕಿದ್ದ ಮಣ್ಣಿನ ಪಾಗಾರದ ಆಚೆ ನಡೆದದ್ದನ್ನೆಲ್ಲ ನೋಡಿದಳು. ರಾತ್ರಿ ಉಪ್ಪ ಮನೆಯಲ್ಲಿ ಹೇಳಿದ್ದನ್ನೂ ಕೇಳಿಸಿಕೊಂಡಳು, ಉಮ್ಮನನ್ನು ಉಪ್ಪನ ಕಾಲಬದಿಯಲ್ಲೇ ಮಲಗಿಸಿದೆವು ಎಂದು. ಮದುವೆಯಾಗಿ ಹೋಗುವವರೆಗೆ ದಿನಾ ಬೆಳಿಗ್ಗೆ ನೀರು ಸೇದುವಾಗ ಆ ಕಡೆ ನೋಡಿ ಒಂದು ಸಲಾಂ ಹೇಳುವುದು ರೂಢಿಯಾಗಿತ್ತಂತೆ. ಇದೆಲ್ಲ ಉಮ್ಮ ನಮಗೆ ಮೊದಲು ಹೇಳಿರಲಿಲ್ಲ. ನಾವು ಕೇಳಿದ್ದರಲ್ಲವಾ ಹೇಳುವುದು?

"ಇಲ್ಲಿಂದ ಪಳ್ಳಿಕೆರೆಯ ಮೆಟ್ಟಿಲಿಗೆ ನೇರ ಒಂದು ಗೆರೆ ಎಳೆ. ಆ ಗೆರೆಯಲ್ಲಿ ಪಾಗಾರದಿಂದ ಇಪ್ಪತ್ತು ಹೆಜ್ಜೆ. ನನ್ನ ಉಪ್ಪನ ಹೆಜ್ಜೆ, ಈಗಿನ ಮಕ್ಕಳದ್ದಲ್ಲ."

ಮಗಳು ಉಮ್ಮನ ಜೊತೆ ಹೊರಗೆ ನಿಂತು ಫೋನಿನಲ್ಲಿ ಹೇಳುತ್ತಾ ಹೋದಳು. ನಾವು ಒಳಗೆ ಖಬರ್‌ಗಳನ್ನು ತುಳಿಯದ ಹಾಗೆ ಸುತ್ತಿ ಬಳಸಿ ನಡೆದೆವು. ಬಲಕ್ಕೆ, ಇನ್ನೂ ಬಲಕ್ಕೆ, ಸಾಕು. ಅಲ್ಲಿ ಒಣಗಿದ ಎಲೆ ಸರಿಸಿದಾಗ ಒಂದು ಕರಿಕಲ್ಲು ಕಂಡಿತು. ಅಕ್ಷರ ಇಲ್ಲದ ಸಣ್ಣ ಕಲ್ಲು.

ನಮ್ಮ ಕರಾವಳಿಯಲ್ಲಿ ಕಿಬ್ಲಾ ಪಶ್ಚಿಮಕ್ಕೆ. ಮಯ್ಯತನ್ನು ಬಲಮಗ್ಗುಲಾಗಿ ಕಿಬ್ಲಾಕ್ಕೆ ಮುಖ ಮಾಡಿ ಮಲಗಿಸುವುದರಿಂದ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ. ಈ ಕಲ್ಲಿನ ದಕ್ಷಿಣಕ್ಕೆ ಇನ್ನೊಂದು ದಿಬ್ಬವಿತ್ತು, ಅದಕ್ಕೆ ಎರಡು ಬದಿಯಲ್ಲೂ ಬರೀ ಮುರಕಲ್ಲು. ಉತ್ತರಕ್ಕೆ ಒಂದಾಳುದ್ದ ತಗ್ಗಿದ ನೆಲ, ಅದರ ತಲೆಯ ಬದಿಯಲ್ಲಿ ಕಲ್ಲು ಕಿತ್ತ ಗುಂಡಿ. ತಂಗಿಯ ಮಗ ರಾಶಿಯಿಂದ ಅಜ್ಜನ ಕಲ್ಲನ್ನು ಹೊತ್ತು ತಂದು ಈ ಸಣ್ಣ ಕಲ್ಲಿನ ಪಕ್ಕ ಹಿಡಿದ. ಅದೇ ಜಾತಿಯ ಕಲ್ಲು, ಅಷ್ಟೇ ದಪ್ಪ, ಉಳಿ ಹೊಡೆದ ಗುರುತೂ ಒಂದೇ ತರ.

ಕಾಕ ಬಗ್ಗಿ ನೋಡಿದರು. "ಸತ್ಯ ಹಾಕಿ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಇದೇ ಇರ್ಬೇಕು" ಅಂದರು. ನಮಗೂ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಮಾಮ ಯಾಸೀನ್ ಓದಿದರು. ಪಾಗಾರದ ಆಚೆ ಉಮ್ಮ ಎರಡೂ ಕೈ ಎತ್ತಿ ನಿಂತದ್ದು ಕಾಣುತ್ತಿತ್ತು.

ಪಟ್ಟಿಯಲ್ಲಿ ಇಲ್ಲದವರು

ಆ ರಾತ್ರಿ ಮಗಳು ನೋಟ್‌ಬುಕ್ಕಿನಲ್ಲಿ ಕುಟುಂಬದ ಪಟ್ಟಿ ಬರೆಯಲು ಕೂತಳು. ಮಾಮ ಆರು ತಲೆಮಾರು ಹೇಳಿದರು, ಉಪ್ಪನ ಉಪ್ಪ, ಅವರ ಉಪ್ಪ ಎಂದು. ಎಲ್ಲ ಗಂಡಸರ ಹೆಸರೇ. ಪಕ್ಕದಲ್ಲಿ ಕೂತಿದ್ದ ಉಮ್ಮ ನಿಧಾನಕ್ಕೆ ಇನ್ನೊಂದು ಪಟ್ಟಿ ಶುರು ಮಾಡಿದರು. ಯಾರ ಉಮ್ಮ ಯಾರು, ಯಾವ ಊರಿನಿಂದ ಮದುವೆಯಾಗಿ ಬಂದವರು, ಯಾರಿಗೆ ಎಷ್ಟು ಮಕ್ಕಳು, ಅದರಲ್ಲಿ ಬದುಕಿದ್ದು ಎಷ್ಟು, ಬಾಣಂತನದಲ್ಲಿ ಯಾರು ಹೋದರು. ಮಾಮನಿಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಎರಡು ಪಟ್ಟಿ ಸೇರಿದ ಮೇಲೆಯೇ ಅದು ಕುಟುಂಬದ ಹಾಗೆ ಕಂಡದ್ದು.

ನಮ್ಮ ಸಮುದಾಯದ ಚರಿತ್ರೆ ಎಂದರೆ ನಾವು ಬಂದರಿನ ಝೀನತ್ ಬಕ್ಷ್ ಪಳ್ಳಿಯಿಂದಲೋ ಕಾಸರಗೋಡಿನ ಮಾಲಿಕ್ ದೀನಾರ್ ಪಳ್ಳಿಯಿಂದಲೋ ಶುರು ಮಾಡುತ್ತೇವೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು ಎಂದು ಬರೆದದ್ದನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರ ಪುಸ್ತಕದಿಂದ ಅಂದಿನ ಖಾಝಿಯ ಹೆಸರು ನಮಗೆ ಗೊತ್ತು. ಉಳ್ಳಾಲದ ದರ್ಗಾದಲ್ಲಿ ಐದು ವರ್ಷಕ್ಕೊಮ್ಮೆ ಉರೂಸ್‌ಗೆ ಜನ ಸಾಗರದಂತೆ ಸೇರುತ್ತಾರೆ. ಇದೆಲ್ಲ ಬೇಕು. ಆದರೆ ಎರಡು ತಲೆಮಾರಿನ ಹಿಂದೆ ನಮ್ಮದೇ ಮನೆಯಲ್ಲಿ ಅಡಿಗೆ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ ಎಂದರೆ ಆ ದೊಡ್ಡ ಚರಿತ್ರೆಗೂ ನಮಗೂ ನಡುವೆ ಹೊಂಡವೇ ಅಲ್ಲವಾ?

ಹುಡುಕುವವರಿಗೆ ನಾಲ್ಕು ಮಾತು

ನಿಮ್ಮ ಮನೆಯವರೂ ಹುಡುಕಲು ಹೊರಟರೆ ಮೊದಲು ಹೋಗಬೇಕಾದದ್ದು ಖಬರಸ್ಥಾನಕ್ಕಲ್ಲ, ಮನೆಯ ಹಿರಿಯರ ಹತ್ತಿರ. ಅದರಲ್ಲೂ ಹೆಂಗಸರ ಹತ್ತಿರ. ಇಸವಿ ಕೇಳಬೇಡಿ. ಯಾವ ನೆರೆ, ಯಾರ ಮದುವೆ, ಯಾವ ಮಗು ಹೊಟ್ಟೆಯಲ್ಲಿದ್ದಾಗ ಎಂದು ಕೇಳಿ. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ.

ಕಾಗದಗಳೂ ಮಾತಾಡುತ್ತವೆ. ಪಳ್ಳಿಯ ಹಳೆಯ ನಿಕಾಹ್ ದಫ್ತರದಲ್ಲಿ ಮದುಮಗಳ ಹೆಸರಿನೊಂದಿಗೆ ತಂದೆಯ ಹೆಸರು, ಊರು ಸಿಗಬಹುದು. ಗೇಣಿಗೆ ಭೂಮಿ ಮಾಡಿದ ಕುಟುಂಬವಾದರೆ 1974ರ ಭೂಸುಧಾರಣೆಯ ನಂತರ ಹಾಕಿದ ಏಳನೇ ನಮೂನೆಯ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ ಹುಡುಕಿ. ಗೇಣಿದಾರನ ಹೆಸರು, ತಂದೆಯ ಹೆಸರು, ಸರ್ವೆ ನಂಬರ್ ಅದರಲ್ಲಿರುತ್ತದೆ. ಆದರೆ ಕಡತದ ಹೆಸರೂ ಕಲ್ಲಿನ ಹೆಸರೂ ಒಂದೇ ಇರಬೇಕೆಂದಿಲ್ಲ. ಮೀಸಾನ್ ಕಲ್ಲಿನಲ್ಲಿ ಮುಹಮ್ಮದ್ ಆಗಿರುವವರು ಪಹಣಿಯಲ್ಲಿ ಮೋನು ಬ್ಯಾರಿ, ಅಬ್ದುಲ್ಲಾ ಎಂಬವರು ಅದ್ದು ಬ್ಯಾರಿ, ಫಾತಿಮಾ ಎಂಬವರು ಪಾತುಮ್ಮ ಆಗಿರಬಹುದು. ಬರೆದ ಶ್ಯಾನುಭೋಗರ ಕಿವಿಗೆ ಬಿದ್ದ ಹಾಗೆ ಹೆಸರು. ಆದ್ದರಿಂದ ಮನೆಯ ಹೆಸರು, ಊರಿನ ಹೆಸರು ಹಿಡಿದು ಹೋಗುವುದು ಒಳ್ಳೆಯದು.

ಖಬರಸ್ಥಾನಕ್ಕೆ ಹೋಗುವ ಮೊದಲು ಜಮಾಅತಿನವರಿಗೆ, ಖತೀಬರಿಗೆ ಒಂದು ಮಾತು ಹೇಳಿ. ಖಬರಿನ ಮೇಲೆ ಕೂರುವುದು, ತುಳಿಯುವುದು ಬೇಡ. ಕಲ್ಲನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಅಕ್ಷರಕ್ಕೆ ಪೈಂಟ್ ತುಂಬಬೇಡಿ. ಬರೀ ನೀರು, ಮೆತ್ತಗಿನ ಬ್ರಶ್ ಸಾಕು. ನಡು ಮಧ್ಯಾಹ್ನ ಕಾಣದ ಅಕ್ಷರ ಬೆಳಿಗ್ಗೆ ಏಳಕ್ಕೋ ಅಸರ್ ನಂತರವೋ ಓರೆ ಬಿಸಿಲಿಗೆ ತಾನಾಗಿ ಎದ್ದು ಕಾಣುತ್ತದೆ, ಫೋಟೋ ಆಗ ತೆಗೆಯಿರಿ. ಬಿದ್ದ ಕಲ್ಲನ್ನು ಕಂಡರೆ ನಿಮ್ಮ ಅಂದಾಜಿನಲ್ಲಿ ಎಲ್ಲಿಯೋ ನೆಡಬೇಡಿ, ತಪ್ಪು ಜಾಗದ ಕಲ್ಲು ಇಲ್ಲದ ಕಲ್ಲಿಗಿಂತ ಕೆಟ್ಟದ್ದು.

ಇನ್ನು ಖಬರೇ ಇಲ್ಲಿ ಇಲ್ಲದವರೂ ನಮ್ಮ ಮನೆಗಳಲ್ಲಿದ್ದಾರೆ. ದುಡಿಯಲು ರಂಗೂನಿಗೆ, ಬೊಂಬಾಯಿಗೆ ಹೋಗಿ ಅಲ್ಲೇ ಮಣ್ಣಾದವರು, ಗಲ್ಫಿನಲ್ಲಿ ತೀರಿಕೊಂಡು ಅಲ್ಲಿನ ಹೆಸರಿಲ್ಲದ ಸಾಲಿನಲ್ಲಿ ಮಲಗಿದವರು. ಅವರ ಹೆಸರನ್ನೂ ಆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವರಿಗೆ ಬೇರೆ ಮೀಸಾನ್ ಕಲ್ಲು ಇಲ್ಲ.

ಜಮಾಅತಿನ ಮುಂದೆ

ಮಾರನೇ ವಾರ ಮಾಮನೂ ನಾನೂ ಜಮಾಅತಿನ ಅಧ್ಯಕ್ಷರನ್ನು ಕಂಡೆವು. ಅವರು ನಮ್ಮ ಮಾತು ಪೂರ್ತಿ ಕೇಳಿ, "ನಿಮ್ಮದೊಂದು ಖಬರ್ ಬಿಟ್ರೆ ನಾಳೆ ಎಲ್ಲರೂ ಬರ್ತಾರೆ. ಜಾಗ ನಾನು ಎಲ್ಲಿಂದ ತರುದು?" ಎಂದು ಕೇಳಿದರು. ನ್ಯಾಯದ ಪ್ರಶ್ನೆ. ಖಬರ್ ಬಿಡಿ ಎಂದು ನಾವೂ ಕೇಳಲಿಲ್ಲ. ಕೇಳಿದ್ದು ಮೂರೇ. ಕಲ್ಲು ಎತ್ತುವ ಮೊದಲು ಅದು ನಿಂತ ಜಾಗದಲ್ಲೇ ಒಂದು ಫೋಟೋ. ಯಾವ ಸಾಲು, ಎಷ್ಟನೆಯದು ಎಂದು ಒಂದು ಪುಸ್ತಕದಲ್ಲಿ ನಮೂದು. ಎತ್ತಿದ ಕಲ್ಲುಗಳನ್ನು ರಾಶಿ ಹಾಕದೆ ಅದೇ ಕ್ರಮದಲ್ಲಿ ಪಾಗಾರಕ್ಕೆ ಒರಗಿಸಿಡುವುದು.

ಅವರು ಒಪ್ಪಿದರು. ಊರಿನ ಹುಡುಗರು ಎರಡು ಭಾನುವಾರ ಕೂತು ಆ ಕೆಲಸ ಮುಗಿಸಿದರು. ಖರ್ಚು ಒಂದು ದೊಡ್ಡ ರಿಜಿಸ್ಟರ್ ಪುಸ್ತಕದ್ದು, ಒಂದು ಡಬ್ಬಿ ಸುಣ್ಣದ್ದು. ಓದಲಿಕ್ಕೆ ಬಂದ ಕಲ್ಲುಗಳು ಬೆರಳೆಣಿಕೆಯಷ್ಟೇ. ಆದರೆ ಆ ಪುಸ್ತಕ ಈಗ ಪಳ್ಳಿಯ ಕಪಾಟಿನಲ್ಲಿ ಉಂಟು. ಹುಡುಗರು ಬಾವಿಯಿಂದ ಕೆರೆಯ ಮೆಟ್ಟಿಲಿಗೆ ಎಳೆದ ಗೆರೆಯನ್ನೂ ನಕ್ಷೆಯಲ್ಲಿ ಗುರುತು ಮಾಡಿದ್ದಾರೆ.

ಮನೆಗೆ ಬಂದು ಉಮ್ಮನಿಗೆ ಎಲ್ಲ ಹೇಳಿದೆ. ಕೊನೆಗೆ ಸ್ವಲ್ಪ ಅಳುಕಿನಿಂದಲೇ, "ಅಜ್ಜನ ಜಾಗದಲ್ಲಿ ಮುಂದೆ ಇನ್ಯಾರನ್ನಾದರೂ ಇಡಬಹುದು ಉಮ್ಮ" ಎಂದೂ ಹೇಳಿದೆ.

ಉಮ್ಮ ತಸ್ಬೀಹ್ ಮಣಿ ಕೆಳಗಿಟ್ಟರು. "ಇಡ್ಲಿ. ಅಜ್ಜನ ಹತ್ತಿರ ಯಾರಾದ್ರೂ ಬಂದು ಮಲಗಿದ್ರೆ ಎಂತ ತೊಂದರೆ? ಎಲ್ಲರೂ ನಮ್ಮವರೇ ಅಲ್ವಾ. ನನಗೆ ಯಾವ ಕಡೆ ನೋಡಿ ಸಲಾಂ ಹೇಳ್ಬೇಕು ಅಂತ ಗೊತ್ತಿತ್ತು. ಇನ್ನು ಈ ಮಕ್ಕಳಿಗೂ ಗೊತ್ತಾಯ್ತಲ್ಲ. ಅಷ್ಟು ಸಾಕು ಮೋನೆ."